ಪಾಯಿಂಟ್, ಕಾಯಿಲ್ ಬದಲಾಯಿಸಿದ ಮೇಲೆ ಯೆಜ್ಡಿ ಸ್ಟಾರ್ಟ್ ಆಗದಿದ್ದರೆ: ದೋಷ ಹುಡುಕುವ ಬಗೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ, ಮೊದಲು ಜಾವಾ ಎಂಬ ಹೆಸರಿನಲ್ಲಿಯೂ ಆನಂತರ ಯೆಜ್ಡಿ ಎಂಬ ಹೆಸರಿನಲ್ಲಿಯೂ ತಯಾರಾದ 250 ಸಿಸಿ ಗಾಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳನ್ನು ಮನೆಯಲ್ಲಿ ಉಳಿಸಿಕೊಂಡವರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳುವ ದೂರು ಒಂದೇ: ‘ಗಾಡಿ ಹೇಗೋ ಓಡುತ್ತಿತ್ತು, ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕಿಸಿದ ಮೇಲೆ ಸ್ಟಾರ್ಟೇ ಆಗುತ್ತಿಲ್ಲ.’ ಈ ಬರಹ ಆ ದೂರಿಗಾಗಿಯೇ ಇದೆ. ಬ್ಯಾಟರಿ, ಕಾಯಿಲ್ (ಬ್ಯಾಟರಿಯ ಅಲ್ಪ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ) ಮತ್ತು ಪಾಯಿಂಟ್ (ಎಂಜಿನ್ ತಿರುಗಿದಂತೆ ತೆರೆದು ಮುಚ್ಚಿ ಕಾಯಿಲಿನ ವಿದ್ಯುತ್ತನ್ನು ತುಂಡರಿಸುವ ಚಿಕ್ಕ ಸ್ವಿಚ್ಚು) ಇರುವ ಹಳೆಯ ಮಾದರಿಯನ್ನು ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದೇನೆ. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ಕಿಡಿ ಕೊಡುವ ಸಿಡಿಐ ಕಿಟ್ ಹಾಕಿಸಿಕೊಂಡವರಿಗೆ ಕೊನೆಯಲ್ಲಿ ಬೇರೆಯಾಗಿ ಕೆಲವು ಮಾತುಗಳಿವೆ.

ಎಲ್ಲಕ್ಕಿಂತ ಮೊದಲು ಒಂದು ನಿಲುವನ್ನು ಗಟ್ಟಿ ಮಾಡಿಕೊಳ್ಳಬೇಕು. ರಿಪೇರಿಗೆ ಮುಂಚಿನ ದಿನದವರೆಗೂ ಓಡಿದ ಎಂಜಿನ್‌ನ ಪಿಸ್ಟನ್, ಬೋರು, ಬೇರಿಂಗ್‌ಗಳು ಒಂದೇ ರಾತ್ರಿಯಲ್ಲಿ ಕೆಡುವುದಿಲ್ಲ. ಕೈ ಎಲ್ಲಿ ಆಡಿತೋ ದೋಷವೂ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ: ಬಿಚ್ಚಿ ಕಟ್ಟಿದ ವೈರು, ಅದಲು ಬದಲಾದ ವಾಷರ್, ಅಂತರ ಹೊಂದಿಸದ ಪಾಯಿಂಟ್, ಪೆಟ್ಟಿಗೆಯಿಂದ ತೆಗೆದಾಗಲೇ ಸತ್ತಿದ್ದ ಕಂಡೆನ್ಸರ್. ಆದ್ದರಿಂದ ಇನ್ನೊಂದು ಹೊಸ ಭಾಗವನ್ನು ಕೊಳ್ಳುವ ಮೊದಲು ಈಗಾಗಲೇ ಮುಟ್ಟಿದ ಪ್ರತಿಯೊಂದನ್ನೂ ಒಂದೊಂದಾಗಿ ಪರೀಕ್ಷಿಸಬೇಕು, ಮತ್ತು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೂರು ಭಾಗಗಳನ್ನು ಒಟ್ಟಿಗೆ ಬದಲಾಯಿಸಿದಾಗ ಗಾಡಿ ಸ್ಟಾರ್ಟ್ ಆದರೂ ದೋಷ ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ, ಆಗದಿದ್ದರೆ ಗೊಂದಲ ಮೂರು ಪಟ್ಟಾಗುತ್ತದೆ.

ಕೈಹಾಕುವ ಮುನ್ನ

ಗಾಡಿಯನ್ನು ಗಾಳಿಯಾಡುವ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ. ಕಿಕ್ಕೂ ಗೇರೂ ಒಂದೇ ಲಿವರ್ ಆಗಿರುವ ಈ ಗಾಡಿಯಲ್ಲಿ ಕಿಕ್ ಹೊಡೆದು ಲಿವರನ್ನು ಹಿಂದಕ್ಕೆ ತರುವಾಗ ಅರಿವಿಲ್ಲದೆ ಗೇರ್ ಬೀಳುವುದುಂಟು. ಆದ್ದರಿಂದ ಪ್ರತಿ ಸಲವೂ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ಅದು ಸಲೀಸಾಗಿ ತಿರುಗುತ್ತಿದೆಯೆಂದು ಖಚಿತಪಡಿಸಿಕೊಳ್ಳಿ.

ಕಿಡಿ ಪರೀಕ್ಷಿಸುವಾಗ ಪ್ಲಗ್ಗಿನ ಲೋಹದ ಮೈಯನ್ನು ಹೆಡ್ಡಿನ ರೆಕ್ಕೆಗೆ ತಾಗಿಸಿ ಇಡಬೇಕು, ಆದರೆ ಪ್ಲಗ್ ತೆಗೆದ ರಂಧ್ರದಿಂದ ದೂರದಲ್ಲಿ ಇಡಬೇಕು. ಕಿಕ್ ಹೊಡೆದಾಗ ಆ ರಂಧ್ರದಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ ಹತ್ತುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿರಲಿ, ರಂಧ್ರದ ಮೇಲೆ ಒಂದು ಬಟ್ಟೆ ಇರಲಿ, ಬೀಡಿ ಸಿಗರೇಟು ಹತ್ತಿರ ಸುಳಿಯದಿರಲಿ. ಪ್ಲಗ್ ವೈರನ್ನು ಗಾಳಿಯಲ್ಲಿ ತೂಗಬಿಟ್ಟು ಕಿಕ್ ಹೊಡೆಯಬಾರದು. ಹೊರಹೋಗಲು ದಾರಿ ಸಿಗದ ವಿದ್ಯುತ್ ಒತ್ತಡ ಕಾಯಿಲಿನ ಒಳಗಿನ ಇನ್ಸುಲೇಶನ್ನನ್ನೇ ಸೀಳಿಬಿಡುತ್ತದೆ.

ಇನ್ನೊಂದು ಎಚ್ಚರವನ್ನು ಹೆಚ್ಚಿನವರು ಮರೆಯುತ್ತಾರೆ. ಪಾಯಿಂಟ್ ಮುಚ್ಚಿರುವ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದು ಕೀ ಆನ್ ಆಗಿದ್ದರೆ ಕಾಯಿಲಿನ ಮೂಲಕ ವಿದ್ಯುತ್ ನಿರಂತರವಾಗಿ ಹರಿಯುತ್ತದೆ. ವೈರು ಹುಡುಕುತ್ತಾ ಹತ್ತು ಹದಿನೈದು ನಿಮಿಷ ಕೀ ತೆಗೆಯದೆ ಕುಳಿತರೆ ಕಾಯಿಲ್ ಸುಡುವಷ್ಟು ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಮೊದಲಿದ್ದ ಒಂದು ದೋಷಕ್ಕೆ ಇನ್ನೆರಡು ಸೇರುತ್ತವೆ. ಅಳೆಯುವಾಗ ಮಾತ್ರ ಕೀ ಹಾಕಿ, ಅಳೆದ ಕೂಡಲೇ ತೆಗೆಯಿರಿ.

ಕೀ ಹಾಕಿದರೂ ಕೆಂಪು ದೀಪ ಹತ್ತುವುದಿಲ್ಲ, ಅಥವಾ ಮಂಕಾಗಿ ಹತ್ತುತ್ತದೆ

ಡೈನಮೊ ಇರುವ ಗಾಡಿಗಳಲ್ಲಿ ಕೀ ಹಾಕಿದೊಡನೆ ಚಾರ್ಜಿಂಗಿನ ಕೆಂಪು ದೀಪ ಹತ್ತಬೇಕು. ಅದು ಹತ್ತದಿದ್ದರೆ ಪಾಯಿಂಟ್ ಕಡೆಗೆ ಹೋಗುವ ಅಗತ್ಯವೇ ಇಲ್ಲ. ವಿದ್ಯುತ್ ಅಲ್ಲಿಯವರೆಗೆ ತಲುಪಿಯೇ ಇಲ್ಲ. ಮೊದಲು ಫ್ಯೂಸ್ ನೋಡಿ. ಫ್ಯೂಸ್ ತಂತಿ ಕಣ್ಣಿಗೆ ಸರಿಯಾಗಿ ಕಂಡರೂ ಅದನ್ನು ಹಿಡಿದಿರುವ ಹಿತ್ತಾಳೆಯ ತುಟಿಗಳು ಹಸಿರುಗಟ್ಟಿರುವುದುಂಟು, ಆದ್ದರಿಂದ ತೆಗೆದು ಕೆರೆದು ಮತ್ತೆ ಹಾಕಿ. ಆಮೇಲೆ ಬ್ಯಾಟರಿ ಟರ್ಮಿನಲ್‌ಗಳು, ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ತ್ ವೈರು. ರಿಪೇರಿಗೆಂದು ಬ್ಯಾಟರಿ ಬಿಚ್ಚಿ ಮತ್ತೆ ಕಟ್ಟುವಾಗ ಅರ್ತ್ ವೈರನ್ನು ಬಣ್ಣ ಬಳಿದ ಜಾಗಕ್ಕೆ ಬೋಲ್ಟ್ ಮಾಡಿರುವುದು ಬಹಳ ಸಾಮಾನ್ಯ. ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಗಳಲ್ಲಿ ಇದನ್ನು ಮೊದಲು ಅನುಮಾನಿಸಬೇಕು. ಬೋಲ್ಟಿನ ಕೆಳಗಿನ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ.

ದೀಪ ಮಂಕಾಗಿದ್ದರೆ ಬ್ಯಾಟರಿಯನ್ನು ಅಳೆಯಿರಿ. ಪೂರ್ತಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮಾರು 6.3 ವೋಲ್ಟ್, 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಈ ಗಾಡಿಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ ಬ್ಯಾಟರಿಯಿಂದಲೇ ಬರುವುದರಿಂದ, ಸ್ಕೂಟರ್‌ಗಳ ಮ್ಯಾಗ್ನೆಟ್ ವ್ಯವಸ್ಥೆಯಂತೆ ಬ್ಯಾಟರಿ ಸತ್ತರೂ ಕಿಕ್ಕಿಗೆ ಸ್ಟಾರ್ಟ್ ಆದೀತೆಂದು ನಿರೀಕ್ಷಿಸುವಂತಿಲ್ಲ. ಕೀ ಹಾಕಿ ಪಾಯಿಂಟ್ ಮುಚ್ಚಿರುವಾಗಲೂ ಒಮ್ಮೆ ಅಳೆಯಿರಿ. ಆಗ ವೋಲ್ಟೇಜು ತೀರಾ ಕುಸಿದರೆ ಬ್ಯಾಟರಿ ಸೋತಿದೆಯೆಂದೇ ತಿಳಿಯಬೇಕು. ಬ್ಯಾಟರಿಯ ಯಾವ ತುದಿ ಅರ್ತ್ ಆಗಬೇಕೆಂಬುದನ್ನು ನಿಮ್ಮ ಮಾದರಿಯ ವೈರಿಂಗ್ ನಕ್ಷೆಯಲ್ಲಿ ನೋಡಿಯೇ ಕಟ್ಟಿ. ತಿರುಗುಮುರುಗಾದರೆ ಪೆಟ್ಟು ಬೀಳುವುದು ಚಾರ್ಜಿಂಗ್ ವ್ಯವಸ್ಥೆಗೆ.

ದೀಪ ಹತ್ತುತ್ತದೆ, ಪ್ಲಗ್ಗಿನಲ್ಲಿ ಕಿಡಿ ಇಲ್ಲ

ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ‘ಕರೆಂಟ್ ಇಲ್ಲ’ ಎನ್ನುತ್ತಾರೆ. ಪಾಯಿಂಟ್ ಕೆಲಸ ಮಾಡಿಸಿದ ನಂತರ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಹೆಚ್ಚಿನವುಗಳ ಕಥೆ ಇಲ್ಲಿಯೇ ಮುಗಿಯುವುದರಿಂದ ಈ ಭಾಗವನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ.

ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ. ಸರಿಯಾಗಿದೆಯೆಂದು ಗೊತ್ತಿರುವ ಇನ್ನೊಂದು ಪ್ಲಗ್ ಹಾಕಿ ನೋಡಿ. ಆಗಲೂ ಕಿಡಿ ಬರದಿದ್ದರೆ ಕೀ ತೆಗೆದು ಪ್ಲಗ್ ಕ್ಯಾಪನ್ನು ವೈರಿನಿಂದ ತಿರುಗಿಸಿ ಬಿಚ್ಚಿ. ಕ್ಯಾಪಿನ ಒಳಗೆ ಸ್ಕ್ರೂವಿನಂತಹ ತುದಿಯಿದ್ದು ಅದು ವೈರಿನ ತಾಮ್ರದ ಎಳೆಗಳ ನಡುವೆ ಹೊಕ್ಕಿರಬೇಕು. ವೈರಿನ ತುದಿ ಕಪ್ಪಾಗಿದ್ದರೆ ಸುಮಾರು 5 ಮಿ.ಮೀ. ಕತ್ತರಿಸಿ ಹೊಸ ತುದಿಗೆ ಕ್ಯಾಪ್ ತಿರುಗಿಸಿ. ಕ್ಯಾಪಿನೊಳಗೆ ಹಲವು ಸಲ 5,000 ಓಮ್ ಆಸುಪಾಸಿನ ನಿರೋಧಕ (ರೆಸಿಸ್ಟರ್) ಇರುತ್ತದೆ, ಅದು ಸುಟ್ಟಿದ್ದರೆ ಮಲ್ಟಿಮೀಟರ್ ಏನನ್ನೂ ತೋರಿಸುವುದಿಲ್ಲ. ವೈರಿನ ಇನ್ನೊಂದು ತುದಿ ಕಾಯಿಲಿನ ಬಾಯಿಯಲ್ಲಿ ತಳದವರೆಗೆ ಕುಳಿತಿದೆಯೇ ಎಂದೂ ನೋಡಿ. ಹೊಸ ಕಾಯಿಲ್ ಹಾಕಿದಾಗ ಇದು ಅರ್ಧಕ್ಕೇ ನಿಂತಿರುವುದನ್ನು ಕಂಡಿದ್ದೇನೆ.

ಇನ್ನು ಬಲಗಡೆಯ ಕವರ್ ತೆಗೆಯಿರಿ. ಪ್ಲಗ್ ಬಿಚ್ಚಿಟ್ಟು, ಗಾಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಎಂಜಿನ್ ತಿರುಗಿ ಪಾಯಿಂಟ್ ತೆರೆದು ಮುಚ್ಚುವುದು ಕಣ್ಣಿಗೆ ಕಾಣುತ್ತದೆ. ಪಾಯಿಂಟನ್ನು ತಳ್ಳಿ ತೆರೆಯುವ ಕ್ಯಾಮ್ ಅತಿ ಎತ್ತರವಿರುವ ಜಾಗದಲ್ಲಿ ಪಾಯಿಂಟುಗಳ ನಡುವೆ 0.4 ಮಿ.ಮೀ. ಫೀಲರ್ ಗೇಜ್ (ಅಂತರ ಅಳೆಯುವ ತೆಳು ಲೋಹದ ಪಟ್ಟಿ) ತುಸು ಹಿಡಿತದಿಂದ ಜಾರಬೇಕು. ಪಾಯಿಂಟ್ ತೆರೆಯುತ್ತಲೇ ಇಲ್ಲವೆಂದರೆ ಕಿಡಿ ಹುಟ್ಟುವ ಮಾತೇ ಇಲ್ಲ, ಏಕೆಂದರೆ ಕಾಯಿಲ್ ಕಿಡಿ ಕೊಡುವುದು ಪಾಯಿಂಟ್ ಮುಚ್ಚಿದಾಗಲ್ಲ, ಹರಿಯುತ್ತಿರುವ ವಿದ್ಯುತ್ತನ್ನು ಅದು ತಟ್ಟನೆ ತುಂಡರಿಸಿದಾಗ.

ಹೊಸ ಪಾಯಿಂಟಿನ ಮುಖದ ಮೇಲೆ ತುಕ್ಕು ಹಿಡಿಯದಿರಲೆಂದು ಬಳಿದ ತೆಳುವಾದ ಎಣ್ಣೆ ಅಥವಾ ಮೇಣದ ಪದರ ಇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ 6 ವೋಲ್ಟಿನ ಅಲ್ಪ ಒತ್ತಡಕ್ಕೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಫೀಲರ್ ಗೇಜಿಗೆ ಹಚ್ಚಿದ ಎಣ್ಣೆ ಮುಖಕ್ಕೆ ಅಂಟಿದರೂ ಹೀಗೆಯೇ. ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದದ ಪಟ್ಟಿಯನ್ನು ಪಾಯಿಂಟುಗಳ ನಡುವೆ ಇಟ್ಟು ಮುಚ್ಚಿ ಮೆಲ್ಲನೆ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಂತ ಮೇಲೆ ಒಣ ಪಟ್ಟಿಯಿಂದ ಇನ್ನೊಮ್ಮೆ ಒರೆಸಿ, ಪೆಟ್ರೋಲ್ ಪೂರ್ತಿ ಆರಿದ ನಂತರವೇ ಕೀ ಹಾಕಿ.

ಈಗ ಮಲ್ಟಿಮೀಟರ್. ಕಾಯಿಲಿಗೆ ಎರಡು ಚಿಕ್ಕ ಟರ್ಮಿನಲ್‌ಗಳಿರುತ್ತವೆ: ಹಲವು ಕಾಯಿಲುಗಳಲ್ಲಿ ಕೀಯಿಂದ ಬರುವ ವೈರಿನದಕ್ಕೆ 15 ಎಂದೂ ಪಾಯಿಂಟಿಗೆ ಹೋಗುವುದಕ್ಕೆ 1 ಎಂದೂ ಗುರುತಿರುತ್ತದೆ. ಮೀಟರಿನ ಒಂದು ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ, ಕೀ ಹಾಕಿ, 15ನೆಯ ಟರ್ಮಿನಲನ್ನು ಅಳೆಯಿರಿ. ಅಲ್ಲಿ ಬಹುತೇಕ ಬ್ಯಾಟರಿಯಷ್ಟೇ ವೋಲ್ಟೇಜು ಬರಬೇಕು. ಬರದಿದ್ದರೆ ದೋಷ ಕೀ ಸ್ವಿಚ್ಚಿಗೂ ಕಾಯಿಲಿಗೂ ನಡುವಿನ ವೈರಿನಲ್ಲಿದೆ. ಬಂದರೆ 1ನೆಯ ಟರ್ಮಿನಲನ್ನು ಪಾಯಿಂಟ್ ತೆರೆದಿರುವಾಗ ಒಮ್ಮೆ, ಮುಚ್ಚಿರುವಾಗ ಒಮ್ಮೆ ಅಳೆಯಿರಿ. ತೆರೆದಿರುವಾಗ ಬ್ಯಾಟರಿಯ ವೋಲ್ಟೇಜು, ಮುಚ್ಚಿರುವಾಗ ಸೊನ್ನೆಗೆ ಬಹಳ ಹತ್ತಿರ ಬಂದರೆ ಆ ಭಾಗ ಆರೋಗ್ಯವಾಗಿದೆ. ಮುಚ್ಚಿದಾಗಲೂ ವೋಲ್ಟೇಜು ಇಳಿಯದಿದ್ದರೆ ಪಾಯಿಂಟ್ ಮುಖ ಕೊಳೆಯಾಗಿದೆ, ಅಥವಾ ಪಾಯಿಂಟಿಗೆ ಹೋಗುವ ವೈರು ತುಂಡಾಗಿದೆ, ಅಥವಾ ಪಾಯಿಂಟ್ ಕೂರಿಸಿದ ಪ್ಲೇಟ್ ಅರ್ತ್ ಆಗುತ್ತಿಲ್ಲ.

ತೆರೆದಾಗಲೂ ಸೊನ್ನೆಯೇ ಬಂದರೆ? ಇದೇ ಅತ್ಯಂತ ಸಾಮಾನ್ಯವಾದ ಸ್ಥಿತಿ. ಕೀ ತೆಗೆದು ಕಾಯಿಲಿನ 1ನೆಯ ಟರ್ಮಿನಲ್‌ನಿಂದ ಪಾಯಿಂಟಿನ ವೈರನ್ನು ಬಿಚ್ಚಿ, ಮತ್ತೆ ಕೀ ಹಾಕಿ ಅದೇ ಟರ್ಮಿನಲನ್ನು ಅಳೆಯಿರಿ. ಈಗಲೂ ಸೊನ್ನೆಯಾದರೆ ಕಾಯಿಲಿನ ಒಳಸುತ್ತು ತುಂಡಾಗಿದೆ. ವೋಲ್ಟೇಜು ಮರಳಿ ಬಂದರೆ ಕಾಯಿಲ್ ನಿರಪರಾಧಿ; ಕೆಳಗೆ ಎಲ್ಲೋ ವೈರು ಸದಾ ಅರ್ತ್‌ಗೆ ತಾಗಿಕೊಂಡಿದೆ. ಅಲ್ಲಿ ಮೂರು ಜಾಗಗಳಷ್ಟೇ ಇವೆ. ಕಂಡೆನ್ಸರಿನ ವೈರನ್ನು ಮಾತ್ರ ಬಿಡಿಸಿ ನೋಡಿದಾಗ ಅರ್ತ್ ಹೋದರೆ ಕಂಡೆನ್ಸರ್ ಒಳಗೆ ಶಾರ್ಟ್ ಆಗಿದೆ. ಹೋಗದಿದ್ದರೆ ಸೈಡ್ ಕವರಿನ ಅಂಚಿಗೆ ಸಿಕ್ಕಿ ವೈರಿನ ಮೈ ಹರಿದಿದೆಯೇ ನೋಡಿ. ಅದೂ ಇಲ್ಲವೆಂದರೆ ಪಾಯಿಂಟಿನ ಸ್ಪ್ರಿಂಗ್ ತುದಿಯ ವಾಷರ್‌ಗಳ ಜೋಡಣೆ ತಪ್ಪಿದೆ.

ಈ ವಾಷರ್‌ಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಪಾಯಿಂಟಿನ ಎರಡು ಮುಖಗಳಲ್ಲಿ ಒಂದು ಪ್ಲೇಟಿಗೆ ತಾಗಿ ಅರ್ತ್ ಆಗಿರುತ್ತದೆ. ಅಲುಗಾಡುವ ಇನ್ನೊಂದು ಮುಖ, ಅದರ ಸ್ಪ್ರಿಂಗ್, ಕಾಯಿಲಿನಿಂದ ಬಂದ ವೈರಿನ ಕಣ್ಣು ಮತ್ತು ಕಂಡೆನ್ಸರ್ ವೈರಿನ ಕಣ್ಣು ಈ ನಾಲ್ಕೂ ಒಂದಕ್ಕೊಂದು ಕೂಡಿದ್ದು, ಉಳಿದ ಯಾವ ಲೋಹಕ್ಕೂ ತಾಗದಂತೆ ಫೈಬರ್ ವಾಷರ್‌ಗಳ ನಡುವೆ ಕುಳಿತಿರಬೇಕು. ಬಿಚ್ಚುವಾಗ ಕ್ರಮ ನೆನಪಿಡದೆ, ಕಟ್ಟುವಾಗ ಒಂದು ಫೈಬರ್ ವಾಷರನ್ನು ತಪ್ಪು ಕಡೆಗೆ ಹಾಕಿದರೂ ಅಥವಾ ವೈರಿನ ಕಣ್ಣು ಓರೆಯಾಗಿ ಬೋಲ್ಟಿನ ತಲೆಗೆ ತಾಗಿದರೂ ಪಾಯಿಂಟ್ ತೆರೆಯುವುದು ಮುಚ್ಚುವುದು ಎಲ್ಲವೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ವಿದ್ಯುತ್ತಿನ ಲೆಕ್ಕದಲ್ಲಿ ಅದು ಎಂದೂ ತೆರೆಯುವುದೇ ಇಲ್ಲ. ನನ್ನ ತಂದೆಯವರ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಪಾಯಿಂಟ್ ಹಾಕಿಸಿಕೊಂಡು ಬಂದ ಮೇಲೆ ಎರಡು ಭಾನುವಾರ ಕಾಯಿಲ್, ಪ್ಲಗ್, ಬ್ಯಾಟರಿ ಎಲ್ಲವನ್ನೂ ಬದಲಾಯಿಸಿದ್ದೆವು. ಕೊನೆಗೆ ದೋಷ ಸಿಕ್ಕಿದ್ದು ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಕಂದು ವಾಷರಿನಲ್ಲಿ. ಅಂದಿನಿಂದ ಬಿಚ್ಚುವ ಮೊದಲು ಫೋನಿನಲ್ಲಿ ಎರಡು ಕೋನಗಳಿಂದ ಚಿತ್ರ ತೆಗೆದಿಟ್ಟುಕೊಳ್ಳದೆ ನಾನು ಯಾವ ಪಾಯಿಂಟನ್ನೂ ಮುಟ್ಟುವುದಿಲ್ಲ.

ಮಲ್ಟಿಮೀಟರ್ ಇಲ್ಲದವರು ಪಾರ್ಕಿಂಗ್ ದೀಪದ ಚಿಕ್ಕ ಬಲ್ಬಿಗೆ ಎರಡು ವೈರು ಸೇರಿಸಿ, ಒಂದನ್ನು ಕಾಯಿಲಿನ 1ನೆಯ ಟರ್ಮಿನಲಿಗೆ, ಇನ್ನೊಂದನ್ನು ಎಂಜಿನ್ನಿಗೆ ಹಿಡಿದು ಇದೇ ಪರೀಕ್ಷೆಯನ್ನು ಮಾಡಬಹುದು. ಪಾಯಿಂಟ್ ತೆರೆದಾಗ ಬಲ್ಬ್ ಹತ್ತಬೇಕು, ಮುಚ್ಚಿದಾಗ ಆರಬೇಕು.

ಇಷ್ಟೆಲ್ಲ ಸರಿಯಿದ್ದರೆ ಪಾಯಿಂಟ್ ಮುಚ್ಚಿರುವ ಸ್ಥಿತಿಗೆ ಎಂಜಿನ್ ತಿರುಗಿಸಿ, ಪ್ಲಗ್ ಹೆಡ್ಡಿಗೆ ತಾಗಿರುವಂತೆ ಇಟ್ಟು, ಕೀ ಹಾಕಿ, ಒಣ ಮರದ ಕಡ್ಡಿಯಿಂದ ಪಾಯಿಂಟನ್ನು ಚಕ್ಕನೆ ತೆರೆಯಿರಿ. ಕಿಡಿ ಹಾರಿದರೆ ಕಾಯಿಲಿನಿಂದ ಪ್ಲಗ್ಗಿನವರೆಗೆ ದಾರಿ ಸರಿಯಿದೆ. ಕಡ್ಡಿಗೆ ಕಿಡಿ ಕೊಟ್ಟು ಕಿಕ್ಕಿಗೆ ಕೊಡದಿದ್ದರೆ ಪಾಯಿಂಟಿನ ಅಂತರವನ್ನು ಮತ್ತೆ ನೋಡಬೇಕು. ಕಡ್ಡಿಗೂ ಕಿಡಿ ಬರದಿದ್ದರೆ ಕೀ ತೆಗೆದು, ವೈರುಗಳನ್ನು ಬಿಡಿಸಿ ಕಾಯಿಲನ್ನು ಅಳೆಯಿರಿ. ಎರಡು ಚಿಕ್ಕ ಟರ್ಮಿನಲ್‌ಗಳ ನಡುವೆ ಕೆಲವೇ ಓಮ್ ಬರಬೇಕು: 12 ವೋಲ್ಟ್ ಕಾಯಿಲಿಗೆ ಸಾಮಾನ್ಯವಾಗಿ 3ರಿಂದ 4, 6 ವೋಲ್ಟಿನದಕ್ಕೆ ಅದಕ್ಕಿಂತ ಕಡಿಮೆ. ಚಿಕ್ಕ ಟರ್ಮಿನಲಿಗೂ ಪ್ಲಗ್ ವೈರು ಕೂರುವ ಬಾಯಿಗೂ ನಡುವೆ ಸಾವಿರಾರು ಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ತೋರಿಸಿದರೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಒಳಗಿನ ಇನ್ಸುಲೇಶನ್ ಸೀಳಿರುವ ಕಾಯಿಲ್ ಮೀಟರಿನ ಅಲ್ಪ ವೋಲ್ಟೇಜಿಗೆ ಸರಿಯಾದ ಅಂಕಿಯನ್ನೇ ಕೊಟ್ಟು ನಿಜವಾದ ಕಿಡಿಯ ಹೊತ್ತಿಗೆ ಸೋರಿಬಿಡುತ್ತದೆ. ಆಗ ಸರಿಯಾದ ಇನ್ನೊಂದು ಕಾಯಿಲನ್ನು ಎರವಲು ತಂದು ಹಾಕಿ ನೋಡುವುದೊಂದೇ ಪರೀಕ್ಷೆ.

ಕಿಡಿ ಇದೆ, ಆದರೆ ಹಳದಿಯಾಗಿ ಸಣಕಲಾಗಿದೆ

ಆರೋಗ್ಯವಾದ ಕಿಡಿ ನೀಲಿ ಛಾಯೆಯ ಬಿಳಿಯಾಗಿರುತ್ತದೆ, ಚಟ್ ಎಂಬ ಸದ್ದು ಕಿವಿಗೆ ಕೇಳುತ್ತದೆ. ಹೊರಗೆ ಹೇಗೋ ಹಾರುವ ಸಣಕಲು ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರುವುದೇ ಇಲ್ಲ, ಹಾಗಾಗಿ ‘ಕರೆಂಟ್ ಬರುತ್ತಿದೆಯಲ್ಲ’ ಎಂದು ಸಮಾಧಾನಪಡಬಾರದು. ಮೊದಲು ಪ್ಲಗ್ಗಿನ ಅಂತರವನ್ನು 0.6 ಮಿ.ಮೀ.ಗೆ ತನ್ನಿ. ಬ್ಯಾಟರಿಯ ವೋಲ್ಟೇಜನ್ನು ಮತ್ತೊಮ್ಮೆ ನೋಡಿ. ಆಮೇಲೆ ಕತ್ತಲಲ್ಲಿ ಪಾಯಿಂಟನ್ನು ಗಮನಿಸುತ್ತಾ ಯಾರಿಂದಲಾದರೂ ಕಿಕ್ ಹೊಡೆಸಿ. ಪಾಯಿಂಟಿನ ನಡುವೆಯೇ ದಪ್ಪನೆಯ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಪಾಯಿಂಟ್ ತೆರೆಯುವ ಗಳಿಗೆಯಲ್ಲಿ ನುಗ್ಗುವ ವಿದ್ಯುತ್ತನ್ನು ಹೀರಿಕೊಂಡು ಅದನ್ನು ತಟ್ಟನೆ ತುಂಡರಿಸಲು ನೆರವಾಗುವುದೇ ಕಂಡೆನ್ಸರ್. ಅದು ಹೋದರೆ ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟಿನಲ್ಲೇ ಉರಿದುಹೋಗುತ್ತದೆ, ಹೊಸ ಪಾಯಿಂಟ್ ಕೆಲವೇ ದಿನಗಳಲ್ಲಿ ಕಪ್ಪಾಗಿ ಗುಳಿ ಬೀಳುತ್ತದೆ.

ಹೊಸ ಕಂಡೆನ್ಸರ್ ಎಂದ ಮಾತ್ರಕ್ಕೆ ಒಳ್ಳೆಯದೆಂದು ನಂಬಬೇಡಿ. ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತಾ ಬಂದಿರುವಾಗ ಹಳೆಯ ದಾಸ್ತಾನಿನಲ್ಲಿ ವರ್ಷಗಟ್ಟಲೆ ಕುಳಿತ ಕಂಡೆನ್ಸರ್ ತೇವ ಹೀರಿ ಕೆಟ್ಟಿರಬಹುದು. ಕೆಪ್ಯಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯ) ಅಳೆಯುವ ಮೀಟರ್ ಇದ್ದರೆ 0.2ರಿಂದ 0.3 ಮೈಕ್ರೋಫ್ಯಾರಡ್ ಬರುತ್ತದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಬಿಡಿಸಿಟ್ಟು, ಪಾಯಿಂಟ್ ಇರುವ ಹಳೆಯ ಕಾರುಗಳ ಕಂಡೆನ್ಸರನ್ನು ಕಾಯಿಲಿನ 1ನೆಯ ಟರ್ಮಿನಲಿಗೂ ಚಾಸಿಗೂ ನಡುವೆ ಕಟ್ಟಿ ಪರೀಕ್ಷಿಸಬಹುದು. ಎಂಜಿನ್ನಿನ ಬಿಸಿಯಿಂದ ದೂರವಿರುವುದರಿಂದ ಹಾಗೆಯೇ ಅಲ್ಲಿ ಉಳಿಸಿಕೊಂಡರೂ ಒಳ್ಳೆಯದೇ ಎಂಬುದು ನನ್ನ ಅನುಭವ.

6 ವೋಲ್ಟ್ ಗಾಡಿಗೆ 12 ವೋಲ್ಟ್ ಕಾಯಿಲ್ ಹಾಕಿದ್ದರೂ ಕಿಡಿ ಹೀಗೆ ಸಣಕಲಾಗುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ, ಆದ್ದರಿಂದ ಮೈಮೇಲಿನ ಗುರುತನ್ನು ಓದಿ.

ಕಿಡಿ ಚೆನ್ನಾಗಿದೆ, ಆದರೆ ಕಿಕ್ ತಿರುಗಿ ಹೊಡೆಯುತ್ತದೆ, ಅಥವಾ ಸೈಲೆನ್ಸರಿನಲ್ಲಿ ಢಂ ಎನ್ನುತ್ತದೆ

ಇದು ಟೈಮಿಂಗ್ ತಪ್ಪಿರುವ ಲಕ್ಷಣ. ಪಿಸ್ಟನ್ ಮೇಲ್ತುದಿ ಮುಟ್ಟಲು ಇನ್ನೂ ಕೆಲವೇ ಮಿಲಿಮೀಟರ್ ಬಾಕಿ ಇರುವಾಗ ಕಿಡಿ ಹಾರಬೇಕು. ತೀರಾ ಮುಂಚೆ ಹಾರಿದರೆ ಮೇಲೇರುತ್ತಿರುವ ಪಿಸ್ಟನ್ನನ್ನು ಸ್ಫೋಟ ಹಿಂದಕ್ಕೆ ತಳ್ಳುತ್ತದೆ, ಕಿಕ್ ಲಿವರ್ ಪಾದಕ್ಕೆ ಅಥವಾ ಮೊಣಕಾಲಿಗೆ ಬಡಿಯುತ್ತದೆ. ತಡವಾಗಿ ಹಾರಿದರೆ ಉರಿಯದ ಮಿಶ್ರಣ ಸೈಲೆನ್ಸರಿಗೆ ಹೋಗಿ ಅಲ್ಲಿ ಸಿಡಿಯುತ್ತದೆ.

ತಿರುಗಿ ಹೊಡೆಯುವ ಗಾಡಿಗೆ ಚಪ್ಪಲಿ ಕಾಲಿನಲ್ಲಿ ಕಿಕ್ ಹೊಡೆಯಲೇಬೇಡಿ. ಗಟ್ಟಿಯಾದ ಶೂ ಇರಲಿ, ಮೊಣಕಾಲು ಸೆಟೆದಿರದಿರಲಿ. ಎರಡು ಸಲ ಹೊಡೆದರೆ ಮೂರನೆಯದಕ್ಕೆ ಹೋಗದೆ ಟೈಮಿಂಗ್ ನೋಡಿ. ಇನ್ನೊಂದು ಅಪಾಯವೂ ಇದೆ: ಟು ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಉರಿಯುವುದರಿಂದ, ಟೈಮಿಂಗ್ ಬಹಳ ತಪ್ಪಿದ್ದಾಗ ಅದು ಹಿಮ್ಮುಖವಾಗಿಯೂ ಓಡಬಲ್ಲದು. ಸದ್ದು ತುಸು ಒರಟಾಗಿರುತ್ತದೆಯೇ ಹೊರತು ಬೇರೆ ಗುರುತಿಲ್ಲ, ಗೇರ್ ಹಾಕಿ ಕ್ಲಚ್ ಬಿಟ್ಟಾಗ ಗಾಡಿ ಹಿಂದಕ್ಕೆ ನೆಗೆಯುತ್ತದೆ. ತಿರುಗಿ ಹೊಡೆದ ಬೆನ್ನಿಗೇ ಎಂಜಿನ್ ಸ್ಟಾರ್ಟ್ ಆದರೆ ಕೂಡಲೇ ಕೀ ತೆಗೆಯಿರಿ.

ಹೊಂದಿಸುವಾಗ ಕ್ರಮ ಮುಖ್ಯ. ಮೊದಲು ಪಾಯಿಂಟಿನ ಅಂತರ, ಆಮೇಲೆ ಟೈಮಿಂಗ್, ಏಕೆಂದರೆ ಅಂತರ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದೆ ಹೋಗುತ್ತದೆ, ಕಡಿಮೆಯಾದರೆ ಹಿಂದೆ ಬೀಳುತ್ತದೆ. ಟೈಮಿಂಗ್ ಹೊಂದಿಸಿ ಕೊನೆಗೆ ಅಂತರ ಸರಿಮಾಡಿದವರು ಎರಡನ್ನೂ ಕೆಡಿಸಿಕೊಂಡಂತೆ. ಪ್ಲಗ್ ರಂಧ್ರದಲ್ಲಿ ಡಯಲ್ ಗೇಜ್ ಅಥವಾ ಆಳ ಅಳೆಯುವ ಕಡ್ಡಿ ಇಟ್ಟು ಪಿಸ್ಟನ್ನಿನ ಮೇಲ್ತುದಿಯನ್ನು ಗುರುತಿಸಿ, ನಿಮ್ಮ ಮಾದರಿಯ ಕೈಪಿಡಿಯಲ್ಲಿ ಹೇಳಿರುವಷ್ಟು ಮಿಲಿಮೀಟರ್ ಹಿಂದಕ್ಕೆ ತಂದು, ಸರಿಯಾಗಿ ಆ ಜಾಗದಲ್ಲಿ ಪಾಯಿಂಟ್ ತೆರೆಯಲು ಶುರುವಾಗುವಂತೆ ಪ್ಲೇಟನ್ನು ಸರಿಸಬೇಕು. ಪಾಯಿಂಟಿನ ನಡುವೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಸಿಕ್ಕಿಸಿ ಮೆಲ್ಲನೆ ಎಳೆಯುತ್ತಿದ್ದರೆ ತೆರೆಯುವ ಕ್ಷಣದಲ್ಲಿ ಅದು ಜಾರಿ ಬರುತ್ತದೆ. ಅಳೆಯಲು ಯಾವತ್ತೂ ಹಳೆಯ ಸ್ಕ್ರೂಡ್ರೈವರನ್ನು ರಂಧ್ರದಲ್ಲಿ ಬಿಟ್ಟು ಎಂಜಿನ್ ತಿರುಗಿಸಬೇಡಿ. ಅದು ಓರೆಯಾಗಿ ಸಿಕ್ಕಿಕೊಂಡರೆ ಪಿಸ್ಟನ್ ತಲೆ ಅಥವಾ ಪ್ಲಗ್ ರಂಧ್ರದ ಮರೆ (ಥ್ರೆಡ್) ಹಾಳಾಗುತ್ತದೆ.

ಎಷ್ಟು ಸರಿಸಿದರೂ ಟೈಮಿಂಗ್ ಹಿಡಿತಕ್ಕೆ ಬರದಿದ್ದರೆ, ಅಥವಾ ಇಂದು ಸರಿಯಿದ್ದದ್ದು ನಾಳೆ ಬದಲಾದರೆ, ಕ್ರ್ಯಾಂಕಿನ ತುದಿಯಲ್ಲಿ ಡೈನಮೊದ ತಿರುಗುವ ಭಾಗವನ್ನು ಹಿಡಿದಿಡುವ ಅರ್ಧಚಂದ್ರಾಕಾರದ ಚಿಕ್ಕ ಲೋಹದ ಬೆಣೆ (ಇದಕ್ಕೂ ಕೀ ಎಂದೇ ಹೆಸರು) ಕತ್ತರಿಸಿರಬಹುದು, ಅಥವಾ ಕ್ರ್ಯಾಂಕ್ ಬೇರಿಂಗ್ ಸವೆದು ಕ್ಯಾಮ್ ಅಲುಗಾಡುತ್ತಿರಬಹುದು. ಡೈನಮೊದ ಆ ತಿರುಗುವ ಭಾಗವನ್ನು ಎಳೆದು ತೆಗೆಯಲು ತಕ್ಕ ಪುಲ್ಲರ್ ಬೇಕು. ಸುತ್ತಿಗೆಯಿಂದ ಬಡಿದು ತೆಗೆಯುವವರ ಕೈಗೆ ಗಾಡಿ ಕೊಡಬೇಡಿ.

ಕಿಡಿ, ಟೈಮಿಂಗ್ ಎರಡೂ ಸರಿ, ಆದರೂ ಸ್ಟಾರ್ಟ್ ಇಲ್ಲ

ಹತ್ತು ಸಲ ಕಿಕ್ ಹೊಡೆದು ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಟ್ಯಾಂಕ್ ಇಳಿಸಿ ಕೆಲಸ ಮಾಡಿದ್ದರೆ ಮತ್ತೆ ಕೂರಿಸುವಾಗ ಪೈಪ್ ಮಡಿಚಿಕೊಂಡಿರಬಹುದು, ಕಾಕ್ ತೆರೆಯುವುದು ಮರೆತಿರಬಹುದು, ಮುಚ್ಚಳದ ಗಾಳಿ ರಂಧ್ರ ಕಟ್ಟಿರಬಹುದು. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕಿನ ಪೆಟ್ರೋಲನ್ನು ಬದಲಾಯಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವವನ್ನು ಹೀರುತ್ತದೆ, ಹೆಚ್ಚು ನೀರು ಸೇರಿದರೆ ಅದರೊಂದಿಗೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ, ಮತ್ತು ಕಾಕಿನ ಬಾಯಿಗೆ ಮೊದಲು ಬರುವುದು ಅದೇ.

ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಓವರ್ ಆಗಿದೆ, ಅಂದರೆ ಅತಿಯಾಗಿ ಒಳಗೆ ಸೇರಿದೆ. ಕಿಡಿ ಇಲ್ಲದ ದಿನಗಳಲ್ಲಿ ಹೊಡೆದ ನೂರಾರು ಕಿಕ್‌ಗಳ ಪೆಟ್ರೋಲೆಲ್ಲ ಟು ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಕೋಣೆಯಲ್ಲಿ ಶೇಖರವಾಗಿರುತ್ತದೆ. ದೋಷ ಸರಿಹೋದ ಮೇಲೂ ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಇದೊಂದೇ ಕಾರಣವಾಗಿರುವ ಸಂದರ್ಭಗಳು ಬಹಳ, ಮತ್ತು ಜನ ನಿರಾಶರಾಗಿ ಸರಿಯಾದ ಭಾಗಗಳನ್ನೇ ಮತ್ತೆ ಬಿಚ್ಚುವುದು ಇಲ್ಲಿಯೇ. ಕಾಕ್ ಮುಚ್ಚಿ, ಕೀ ತೆಗೆದು, ಪ್ಲಗ್ ಬಿಚ್ಚಿಟ್ಟು, ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಇಪ್ಪತ್ತು ಮೂವತ್ತು ಸಲ ಕಿಕ್ ಹೊಡೆಯಿರಿ, ಅರ್ಧ ಗಂಟೆ ಆರಲು ಬಿಡಿ, ಆಮೇಲೆ ಒಣ ಪ್ಲಗ್ ಹಾಕಿ ಪ್ರಯತ್ನಿಸಿ.

ಒದ್ದೆ ಪೆಟ್ರೋಲಿನದಲ್ಲ, ದಪ್ಪ ಎಣ್ಣೆಯದು, ಮತ್ತು ಹೇಗೋ ಸ್ಟಾರ್ಟ್ ಆದಾಗ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ ಎಂದಾದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಎಣ್ಣೆ ಒಳಗೆ ಎಳೆಯಲ್ಪಡುತ್ತಿದೆ. ಡೈನಮೊ ಕಡೆಯ ಸೀಲ್ ಹೋಗಿದ್ದರೆ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಾಯಿಂಟ್ ಇರುವ ಕೋಣೆ ಎಣ್ಣೆ ಜಿಡ್ಡಾಗುತ್ತದೆ. ಇದು ಗ್ಯಾರೇಜಿನ ಕೆಲಸ.

ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಬಿಸಿಯಾಗಿ ನಿಂತ ಮೇಲೆ ಆಗುವುದಿಲ್ಲ

ಹತ್ತು ಹದಿನೈದು ಕಿಲೋಮೀಟರ್ ಓಡಿ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ. ಆರಿದ ಮೇಲೆ ಅಳೆದರೆ ಎಲ್ಲವೂ ಸರಿಯೆಂದೇ ತೋರುವುದರಿಂದ, ನಿಂತ ಜಾಗದಲ್ಲೇ, ನಿಂತ ಗಳಿಗೆಯಲ್ಲೇ ಕಿಡಿ ನೋಡಬೇಕು. ಬಿಸಿ ಎಂಜಿನ್ನಿನಿಂದ ಪ್ಲಗ್ ಬಿಚ್ಚುವಾಗ ಕೈ ಸುಡದಂತೆ ಬಟ್ಟೆ ಬಳಸಿ. ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ 12 ವೋಲ್ಟ್ ವ್ಯವಸ್ಥೆಗೆ 6 ವೋಲ್ಟ್ ಕಾಯಿಲ್ ಹಾಕಿರುವ ಸಂಭವವಿದೆ.

ಸಿಡಿಐ ಕಿಟ್ ಹಾಕಿಸಿದ ಮೇಲೆ ಕಿಡಿ ಇಲ್ಲದಿದ್ದರೆ

ಇಲ್ಲಿ ಒಂದು ವ್ಯತ್ಯಾಸವನ್ನು ಅರಿತಿರಬೇಕು. ಪಾಯಿಂಟ್ ಗಾಡಿಯಲ್ಲಿ ಕೀ ತೆಗೆದಾಗ ವಿದ್ಯುತ್ ತುಂಡಾಗಿ ಎಂಜಿನ್ ನಿಲ್ಲುತ್ತದೆ. ಹೆಚ್ಚಿನ ಸಿಡಿಐ ಕಿಟ್‌ಗಳಲ್ಲಿ ಎಂಜಿನ್ ನಿಲ್ಲಿಸಲು ಒಂದು ವೈರನ್ನು ಅರ್ತ್‌ಗೆ ತಾಗಿಸಲಾಗುತ್ತದೆ. ಹಳೆಯ ಕೀ ಸ್ವಿಚ್ಚಿಗೆ ಆ ವೈರನ್ನು ಹಳೆಯ ರೀತಿಯಲ್ಲೇ ಸೇರಿಸಿದರೆ ಕೀ ಆನ್ ಮಾಡಿದಾಗಲೂ ಕಿಡಿ ಸಿಗುವುದಿಲ್ಲ. ಆದ್ದರಿಂದ ಮೊದಲ ಪರೀಕ್ಷೆಯೆಂದರೆ ಆ ನಿಲುಗಡೆ ವೈರನ್ನು ಪೂರ್ತಿ ಬಿಡಿಸಿ, ತುದಿಗೆ ಟೇಪ್ ಸುತ್ತಿ ಕಿಕ್ ಹೊಡೆಯುವುದು. ಕಿಡಿ ಬಂದರೆ ದೋಷ ಸ್ವಿಚ್ಚಿನ ಜೋಡಣೆಯಲ್ಲಿದೆ. ಆದರೆ ಈ ಸ್ಥಿತಿಯಲ್ಲಿ ಎಂಜಿನ್ ಸ್ಟಾರ್ಟ್ ಆದರೆ ಕೀಯಿಂದ ನಿಲ್ಲುವುದಿಲ್ಲ, ಪ್ಲಗ್ ಹಾಕಿ ಪ್ರಯತ್ನಿಸುವ ಮೊದಲು ಇದನ್ನು ನೆನಪಿಡಿ.

ನಂತರ ಸಿಡಿಐ ಪೆಟ್ಟಿಗೆಯ ಅರ್ತ್, ಕನೆಕ್ಟರ್‌ಗಳ ಒಳಗಿನ ಹಿಂದೆ ಸರಿದ ಪಿನ್, ಕಿಡಿ ಹಾರಬೇಕಾದ ಗಳಿಗೆಯನ್ನು ಪೆಟ್ಟಿಗೆಗೆ ತಿಳಿಸುವ ಪಿಕಪ್ ಕಾಯಿಲಿನ ಅಂತರ ನೋಡಿ. ಪಿಕಪ್ಪಿನ ಎರಡು ವೈರುಗಳು ಅದಲು ಬದಲಾದರೆ ಕೆಲವು ಕಿಟ್‌ಗಳಲ್ಲಿ ಕಿಡಿ ಬರುತ್ತದೆ, ಆದರೆ ತಪ್ಪಾದ ಗಳಿಗೆಯಲ್ಲಿ ಬಂದು ಕಿಕ್ ತಿರುಗಿ ಹೊಡೆಯುತ್ತದೆ. ಸಿಡಿಐ ಪೆಟ್ಟಿಗೆಯಿಂದ ಕಾಯಿಲಿಗೆ ಹೋಗುವ ವೈರಿನಲ್ಲಿಯೇ ನೂರಾರು ವೋಲ್ಟ್ ಇರುವುದರಿಂದ ಎಂಜಿನ್ ತಿರುಗುತ್ತಿರುವಾಗ ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಕಿಡಿ ಪರೀಕ್ಷೆಯಿಂದ, ಅದು ಯಾವ ಬಗೆಯ ಗಾಡಿಯೇ ಆಗಿರಲಿ, ದೂರವೇ ಇರಬೇಕು.

ಎಲ್ಲಿ ನಿಲ್ಲಿಸಬೇಕು

ವೈರು ಸುಟ್ಟ ವಾಸನೆ ಬಂದರೆ, ಫ್ಯೂಸ್ ಎರಡನೆಯ ಸಲವೂ ಹೋದರೆ, ಬ್ಯಾಟರಿಯಿಂದ ಆಮ್ಲ ಸೋರುತ್ತಿದ್ದರೆ, ಪೆಟ್ರೋಲ್ ಎಂಜಿನ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಬ್ಯಾಟರಿ ವೈರನ್ನು ಬಿಚ್ಚಿ. ಹೋದ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವುದೆಂದರೆ ಇಡೀ ವೈರಿಂಗನ್ನು ಬೆಂಕಿಗೆ ಒಡ್ಡಿದಂತೆ. ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಕಿಕ್ ಹೊಡೆದಾಗ ಬೆರಳನ್ನು ತಳ್ಳುವಷ್ಟು ಒತ್ತಡ ಬರದಿದ್ದರೆ ದೋಷ ಕಿಡಿಯದಲ್ಲ, ಬೋರು ಪಿಸ್ಟನ್ನಿನದು. ಕಿಕ್ ಹೊಡೆದಾಗ ಒಳಗೆ ಲೋಹ ಬಡಿದ ಸದ್ದು ಬಂದರೂ ಮುಂದುವರಿಯಬೇಡಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ‘ಸ್ಟಾರ್ಟ್ ಆಗುತ್ತಿಲ್ಲ’ ಎಂದಷ್ಟೇ ಹೇಳದೆ, ಏನೇನು ಬದಲಾಯಿಸಿದಿರಿ, 15 ಮತ್ತು 1ನೆಯ ಟರ್ಮಿನಲ್‌ಗಳಲ್ಲಿ ಎಷ್ಟು ವೋಲ್ಟ್ ಬಂತು, ಕಿಡಿಯ ಬಣ್ಣ ಯಾವುದಿತ್ತು, ಪ್ಲಗ್ ಒದ್ದೆಯಿತ್ತೋ ಒಣಗಿತ್ತೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಚ್ಚಿ ತೆಗೆದ ಹಳೆಯ ಪಾಯಿಂಟ್, ಹಳೆಯ ಕಂಡೆನ್ಸರ್, ಉಳಿದ ವಾಷರ್‌ಗಳನ್ನೂ ಒಂದು ಪೊಟ್ಟಣದಲ್ಲಿ ಜೊತೆಗೆ ಕೊಡಿ. ಹೊಸ ಕಂಡೆನ್ಸರ್ ಸತ್ತಿದ್ದು ಹಳೆಯದು ಇನ್ನೂ ಜೀವಂತವಾಗಿದ್ದರೆ ಗಾಡಿ ಆ ದಿನವೇ ಮನೆಗೆ ಬರುತ್ತದೆ.